ಸೊನ್ನೆ ಬಿಲ್ಲಿನ ಹಿಂದಿನ ಲೆಕ್ಕ: ಮನೆಯ ವಿದ್ಯುತ್ ಉಳಿತಾಯ ಮತ್ತು ಸಹಾಯಧನ

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಖರ್ಚನ್ನು ಎರಡು ಭಾಗ ಮಾಡುತ್ತೇವೆ. ಒಮ್ಮೆ ಮಾಡಿ ಹಲವು ವರ್ಷ ಪ್ರಯೋಜನ ಪಡೆಯುವುದು ಬಂಡವಾಳ ವೆಚ್ಚ. ತಿಂಗಳು ತಿಂಗಳೂ ಆಗುತ್ತಲೇ ಇರುವುದು ರಾಜಸ್ವ ವೆಚ್ಚ. ಅಂಗಡಿಯಿಂದ ಫ್ಯಾನ್ ತಂದರೆ ಅದು ಮನೆಗೆ ಬಂಡವಾಳ ವೆಚ್ಚ. ಆ ಫ್ಯಾನ್ ತಿರುಗಲು ಬೇಕಾದ ಕರೆಂಟು ರಾಜಸ್ವ ವೆಚ್ಚ. ಫ್ಯಾನಿನ ಬೆಲೆಯನ್ನು ನಾವು ಚೌಕಾಸಿ ಮಾಡಿ ಕೊಡುತ್ತೇವೆ. ಅದು ಹತ್ತು ವರ್ಷ ತಿನ್ನುವ ಕರೆಂಟಿನ ಬೆಲೆಯನ್ನು ಯಾರೂ ಕೇಳುವುದಿಲ್ಲ.

ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಬೇಡವೇ ಬೇಡ ಎಂದು ತುಂಬ ಜನ ಅಂದುಕೊಂಡಿದ್ದಾರೆ. "ಬಿಲ್ಲು ಸೊನ್ನೆ ಬರುತ್ತದೆ, ಮತ್ತೆ ಉಳಿಸಿ ಏನು ಲಾಭ?" ಎಂದು ನಮ್ಮ ಮನೆಯಲ್ಲಿ ಅಮ್ಮಿಯೂ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ವಾಣಿಜ್ಯ ಓದುವವರು ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. ಈ ಪಾಠದಲ್ಲಿ ಆ ಉತ್ತರ ಇದೆ. ಮನೆಯ ಹಳೆಯ ಸಾಮಾನು ಬದಲಿಸಲು ಹಣದ ಸಹಾಯ ಎಲ್ಲಿ ಸಿಗುತ್ತದೆ, ಯಾರಿಗೆ ಸಿಗುತ್ತದೆ ಎಂಬುದೂ ಇದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆಯೂ ನಮಗೆ ಕರೆಂಟು ಕೊಡುವುದು ಬೆಸ್ಕಾಂ ಒಂದೇ. ಆದ್ದರಿಂದ ಈ ಲೆಕ್ಕ ಎಲ್ಲರಿಗೂ ಒಂದೇ.

೧. ಯೂನಿಟ್ ಎಂದರೆ ಎಷ್ಟು?

1,000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ 1 ಯೂನಿಟ್. ಸೂತ್ರ ಸುಲಭ:

ವ್ಯಾಟ್ × ಗಂಟೆ ÷ 1,000 = ಯೂನಿಟ್

ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್ ಇದ್ದರೆ ಒಂದು ಗಂಟೆಗೆ 1 ಯೂನಿಟ್. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ಅದು ಸುಮಾರು 13 ಗಂಟೆ ತಿರುಗಿದರೆ 1 ಯೂನಿಟ್. 9 ವ್ಯಾಟ್‌ನ ಎಲ್‌ಇಡಿ ಬಲ್ಬು 111 ಗಂಟೆ ಉರಿದರೆ 1 ಯೂನಿಟ್. ಹಿಂದಿನ 60 ವ್ಯಾಟ್ ಬಲ್ಬು ಅದೇ 1 ಯೂನಿಟ್ಟನ್ನು 17 ಗಂಟೆಯೊಳಗೆ ಮುಗಿಸುತ್ತಿತ್ತು.

ಉಪಕರಣದ ಮೇಲೆ ವ್ಯಾಟ್ ಬರೆದಿಲ್ಲದಿದ್ದರೆ ನಿಮ್ಮ ಮೀಟರೇ ಹೇಳುತ್ತದೆ. ಈಗಿನ ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಹತ್ತಿರ 1 ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂದು ಬರೆದಿರುತ್ತದೆ. ಉದಾಹರಣೆಗೆ 3200 ಎಂದಿದೆ ಎಂದುಕೊಳ್ಳಿ. ಮನೆಯ ಎಲ್ಲ ಸ್ವಿಚ್ಚು ಆರಿಸಿ, ಒಂದೇ ಫ್ಯಾನ್ ಹಾಕಿ, 5 ನಿಮಿಷ ಎಣಿಸಿ. 20 ಸಲ ಮಿನುಗಿದರೆ ಗಂಟೆಗೆ 240 ಸಲ ಆಯಿತು. 240ನ್ನು 3200ರಿಂದ ಭಾಗಿಸಿದರೆ 0.075 ಯೂನಿಟ್, ಅಂದರೆ 75 ವ್ಯಾಟ್. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಯಾವುದೋ ಪ್ಲಗ್ಗು ಸದ್ದಿಲ್ಲದೆ ಕರೆಂಟು ಎಳೆಯುತ್ತಿದೆ, ಅಥವಾ ವೈರಿಂಗ್‌ನಲ್ಲಿ ಸೋರಿಕೆ ಇದೆ. ಸೋರಿಕೆ ಅನುಮಾನ ಬಂದರೆ ವೈರು ಮುಟ್ಟಬೇಡಿ, ಎಲೆಕ್ಟ್ರಿಷಿಯನ್‌ನ್ನು ಕರೆಯಿರಿ.

೨. ನಿಮ್ಮ ಮಿತಿ 200 ಅಲ್ಲ

ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ಆಗಸ್ಟ್‌ನಿಂದ ಸೊನ್ನೆ ಬಿಲ್ಲುಗಳು ಬಂದವು. "200 ಯೂನಿಟ್ ಉಚಿತ" ಎಂಬ ಮಾತು ಎಲ್ಲರ ಬಾಯಲ್ಲಿದೆ. ಆದರೆ ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ನೇ ಆರ್ಥಿಕ ವರ್ಷದಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದೇ ಆ ಮಿತಿ. ಸರಾಸರಿ 120 ಇದ್ದರೆ ಮಿತಿ 132. ಸರಾಸರಿ 48ಕ್ಕಿಂತ ಕಡಿಮೆ ಇದ್ದ ಬಡ ಮನೆಗಳಿಗೆ ಶೇಕಡಾ 10 ತೀರಾ ಕಡಿಮೆ ಆಗುತ್ತಿತ್ತು. ಆದ್ದರಿಂದ 2024ರಲ್ಲಿ ಅವರಿಗೆ ಶೇಕಡಾ 10ರ ಬದಲು ನೇರ 10 ಯೂನಿಟ್ ಹೆಚ್ಚುವರಿ ಎಂದು ಬದಲಾಯಿಸಿದರು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ 58 ಯೂನಿಟ್ ಕೊಡುತ್ತಾರೆ.

ಈಗ ಮೂರು ಸ್ಥಿತಿಗಳನ್ನು ನೋಡಿ.

ಮೊದಲನೆಯದು: ಬಳಕೆ ಮಿತಿಯೊಳಗೆ ಇದೆ. ಬಿಲ್ಲು ಸೊನ್ನೆ.

ಎರಡನೆಯದು: ಬಳಕೆ ಮಿತಿ ದಾಟಿದೆ, ಆದರೆ 200ರೊಳಗೆ ಇದೆ. ಮಿತಿಗಿಂತ ಹೆಚ್ಚಾದ ಯೂನಿಟ್‌ಗಳಿಗೆ ಹಣ ಕಟ್ಟಬೇಕು.

ಮೂರನೆಯದು: ಬಳಕೆ 200 ದಾಟಿದೆ. ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಎರಡನೆಯದರಿಂದ ಮೂರನೆಯದಕ್ಕೆ ಹೋಗುವುದು ಮೆಟ್ಟಿಲು ಹತ್ತಿದ ಹಾಗಲ್ಲ. ಕೋಟೆಯ ಗೋಡೆಯ ಮೇಲೆ ನಡೆಯುತ್ತಾ ಒಂದು ಹೆಜ್ಜೆ ಹೊರಗೆ ಇಟ್ಟ ಹಾಗೆ. 199ಕ್ಕೂ 201ಕ್ಕೂ ಇರುವ ವ್ಯತ್ಯಾಸ ಎರಡು ಯೂನಿಟ್, ಹಣದಲ್ಲಿ ಮಾತ್ರ ಅದು ಸಾವಿರ ರೂಪಾಯಿ ಆಗಬಹುದು.

ಆದ್ದರಿಂದ ಮೊದಲ ಕೆಲಸ, ನಿಮ್ಮ ಮನೆಯ ಬಿಲ್ಲಿನಲ್ಲಿ ಈ ಐದು ಸಂಗತಿಗಳನ್ನು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಆರ್.ಆರ್. ನಂಬರ್ ಮತ್ತು ಅದು ಯಾರ ಹೆಸರಿನಲ್ಲಿದೆ, ಮಂಜೂರಾದ ಲೋಡ್, ಹಿಂದಿನ ಮತ್ತು ಈಗಿನ ರೀಡಿಂಗ್, ಎಷ್ಟು ದಿನಗಳ ಬಿಲ್ಲು, ಮತ್ತು ಗೃಹಜ್ಯೋತಿಯ ನಿಮ್ಮ ಮಿತಿ. ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ಮುಂದೆ ಬೇಕಾಗುತ್ತದೆ.

೩. ಒಂದು ಮನೆಯ ಲೆಕ್ಕ

ಹಿರಿಯೂರಿನಲ್ಲಿ ಐದು ಜನರ ಒಂದು ಮನೆ ಇದೆ ಎಂದು ಕಲ್ಪಿಸಿಕೊಳ್ಳೋಣ. 2022-23ರ ಸರಾಸರಿ 150 ಯೂನಿಟ್. ಹಾಗಾಗಿ ಮಿತಿ 165. ಏಪ್ರಿಲ್ ತಿಂಗಳ 30 ದಿನದ ಬಳಕೆ ಹೀಗಿದೆ:

ಹಳೆಯ ಫ್ಯಾನ್ 3, ದಿನಕ್ಕೆ 14 ಗಂಟೆ: 94.5 ಯೂನಿಟ್
ಹಳೆಯ ಟ್ಯೂಬ್‌ಲೈಟ್ 3 (ಚೋಕ್ ಸೇರಿ 52 ವ್ಯಾಟ್), ದಿನಕ್ಕೆ 6 ಗಂಟೆ: 28 ಯೂನಿಟ್
ಫ್ರಿಜ್: 30 ಯೂನಿಟ್
ಟಿ.ವಿ. ಮತ್ತು ಸೆಟ್‌ಟಾಪ್ ಬಾಕ್ಸ್: 18 ಯೂನಿಟ್
ನೀರಿನ ಮೋಟಾರ್, ದಿನಕ್ಕೆ 45 ನಿಮಿಷ: 22.5 ಯೂನಿಟ್
ಮಿಕ್ಸಿ, ಇಸ್ತ್ರಿ, ಮೊಬೈಲ್ ಚಾರ್ಜ್: 12 ಯೂನಿಟ್
ಒಟ್ಟು: 205 ಯೂನಿಟ್

ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿಯೋಣ (ಸರಿಯಾದ ದರ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ). 200 ದಾಟಿದ್ದರಿಂದ 205 × 6 = 1,230 ರೂಪಾಯಿ, ಅದರ ಮೇಲೆ ಲೋಡ್‌ಗೆ ತಕ್ಕ ನಿಗದಿತ ಶುಲ್ಕ. ಈ ಮನೆ ಏನು ಮಾಡಬಹುದು?

ಮೊದಲ ಹಂತ, ಖರ್ಚಿಲ್ಲದ್ದು. ಮೋಟಾರ್ ಹಾಕಿ ಮರೆತು, ಟ್ಯಾಂಕು ತುಂಬಿ ನೀರು ಕೆಳಗೆ ಹರಿಯುವುದು ದಿನಕ್ಕೆ 15 ನಿಮಿಷ. ಒಂದು ಎಚ್.ಪಿ. ಮೋಟಾರ್ ಗಂಟೆಗೆ ಸುಮಾರು 1 ಯೂನಿಟ್ ಎಳೆಯುತ್ತದೆ. ಅದನ್ನು ನಿಲ್ಲಿಸಿದರೆ ತಿಂಗಳಿಗೆ 7.5 ಯೂನಿಟ್. ಟಿ.ವಿ.ಯನ್ನು ರಿಮೋಟಿನಲ್ಲಿ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಸುಮಾರು 10 ವ್ಯಾಟ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚು ಆರಿಸಿದರೆ 5.7 ಯೂನಿಟ್. ಈಗ ಒಟ್ಟು ಸುಮಾರು 192. ಮಿತಿಗಿಂತ 27 ಯೂನಿಟ್ ಮಾತ್ರ ಹೆಚ್ಚು. 27 × 6 = 162 ರೂಪಾಯಿ. ಒಂದು ಪೈಸೆ ಖರ್ಚಿಲ್ಲದೆ 1,230 ರೂಪಾಯಿಯ ಬಿಲ್ಲು 162ಕ್ಕೆ ಇಳಿಯಿತು.

ಎರಡನೇ ಹಂತ, ಚಿಕ್ಕ ಖರ್ಚು. ಮೂರು ಟ್ಯೂಬ್‌ಲೈಟ್ ತೆಗೆದು 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ದೀಪ ಹಾಕಿದರೆ ಇನ್ನೂ 17 ಯೂನಿಟ್ ಕಡಿಮೆ. ಒಟ್ಟು ಸುಮಾರು 175. ಬಿಲ್ಲು 60 ರೂಪಾಯಿಯ ಆಸುಪಾಸು.

ಮೂರನೇ ಹಂತ, ಸ್ವಲ್ಪ ದೊಡ್ಡ ಖರ್ಚು. ಹೆಚ್ಚು ಹೊತ್ತು ತಿರುಗುವ ಒಂದೇ ಒಂದು ಫ್ಯಾನ್ ಬದಲಿಸಿ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಇನ್ನೂ 19 ಯೂನಿಟ್ ಕಡಿಮೆ. ಒಟ್ಟು 156. ಮಿತಿ 165. ಬಿಲ್ಲು ಸೊನ್ನೆ.

ಮೂರು ದೀಪಕ್ಕೆ 700 ರೂಪಾಯಿ, ಫ್ಯಾನಿಗೆ 3,000 ರೂಪಾಯಿ ಎಂದು ಹಿಡಿದರೆ ಒಟ್ಟು 3,700. ಅದರಲ್ಲಿ ಅತಿ ದೊಡ್ಡ ಉಳಿತಾಯ ಬಂದದ್ದು ಮೊದಲ ಹಂತದಲ್ಲಿ, ಹಣವೇ ಖರ್ಚಾಗದ ಹಂತದಲ್ಲಿ. ಈ ಕ್ರಮವನ್ನು ನೆನಪಿಡಿ: ಮೊದಲು ಅಭ್ಯಾಸ, ಆಮೇಲೆ ಚಿಕ್ಕ ಬದಲಾವಣೆ, ಕೊನೆಗೆ ದೊಡ್ಡ ಖರ್ಚು. ಅಂಗಡಿಯವರ ಜಾಹೀರಾತು ಯಾವಾಗಲೂ ಇದನ್ನು ತಲೆಕೆಳಗು ಮಾಡಿ ಹೇಳುತ್ತದೆ.

ರಂಜಾನ್ ತಿಂಗಳಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. ಈಗಿನ ವರ್ಷಗಳಲ್ಲಿ ರಂಜಾನ್ ಫೆಬ್ರವರಿ, ಮಾರ್ಚ್‌ನಲ್ಲಿ, ಬಿಸಿಲು ಏರುವ ಹೊತ್ತಿಗೆ ಬರುತ್ತಿದೆ. ಸಹರಿಗೆ ಬೆಳಗಿನ ಜಾವವೇ ದೀಪ, ಫ್ಯಾನ್, ಮಿಕ್ಸಿ ಶುರು. ಇಫ್ತಾರ್‌ಗೆ ಫ್ರಿಜ್ ಬಾಗಿಲು ಹತ್ತು ಸಲ ತೆರೆಯುತ್ತದೆ. ರಾತ್ರಿ ತರಾವೀಹ್ ಮುಗಿಸಿ ಬಂದ ಮೇಲೂ ಮನೆ ಎಚ್ಚರ. ಮಿತಿಯ ಅಂಚಿನಲ್ಲಿರುವ ಮನೆ ಗಡಿ ದಾಟುವುದು ಇಂಥ ತಿಂಗಳಲ್ಲೇ. ದುಂದಿಗೆ ನಮ್ಮ ಮನೆಮಾತಿನಲ್ಲಿ "ಇಸ್ರಾಫ್" ಎಂಬ ಶಬ್ದ ಇದೆ. ಅನ್ನ, ನೀರಿನ ವಿಷಯದಲ್ಲಿ ಹಿರಿಯರು ಅದನ್ನು ಹೇಳುತ್ತಲೇ ಇರುತ್ತಾರೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿಗೂ ಅದು ಸಲ್ಲುತ್ತದೆ.

೪. ಬಿಸಿನೀರು ಮತ್ತು ಅಡುಗೆ

ಮೇಲಿನ ಮನೆಯಲ್ಲಿ ಗೀಸರ್ ಇರಲಿಲ್ಲ. ಇದ್ದಿದ್ದರೆ ಲೆಕ್ಕವೇ ಬೇರೆ. 15 ಲೀಟರ್‌ನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ. ಗೀಸರ್ ಆದರೂ, ನೀರಿಗೆ ಇಳಿಬಿಡುವ ಕಾಯಿಲ್ ಆದರೂ ಇದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ. ಐದು ಜನ, ದಿನಕ್ಕೆ ಐದು ಬಕೆಟ್, ತಿಂಗಳಿಗೆ 52 ಯೂನಿಟ್. ಅಂದರೆ ಒಂದು ಫ್ರಿಜ್‌ಗಿಂತ ಹೆಚ್ಚು.

ಇದಕ್ಕೆ ನಮ್ಮ ಕಡೆ ಹಳೆಯ ಉಪಾಯ ಇದೆ. ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ತೋಟ ಇರುವ ಮನೆಗಳಲ್ಲಿ ಒಣಗಿದ ಮಟ್ಟೆ, ಚಿಪ್ಪು ಹಾಕಿ ಹಂಡೆ ಒಲೆ ಉರಿಸುತ್ತಾರೆ. ಸೌದೆ ಹೊರಗೆ ಉರಿದು ಹೊಗೆ ಮನೆಯೊಳಗೆ ಬರದಿದ್ದರೆ ಅದು ಒಳ್ಳೆಯ ಏರ್ಪಾಡೇ. ಪೇಟೆಯಲ್ಲಿ ಸ್ವಂತ ತಾರಸಿ ಇರುವವರಿಗೆ ಸೋಲಾರ್ ವಾಟರ್ ಹೀಟರ್ ಇದೆ. ಚಿತ್ರದುರ್ಗದ ಬಿಸಿಲಿಗೆ ಅದು ವರ್ಷದ ಬಹುಪಾಲು ದಿನ ಕೆಲಸ ಮಾಡುತ್ತದೆ. ಎರಡೂ ಇಲ್ಲದವರು ಗೀಸರ್‌ನ ಉಷ್ಣತೆಯನ್ನು 50 ಡಿಗ್ರಿಯ ಹತ್ತಿರ ಇಟ್ಟು, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಕಾದ ನೀರು ತಣ್ಣಗಾಗಿ ಮತ್ತೆ ಕಾಯಿಸುವ ಖರ್ಚು ಉಳಿಯುತ್ತದೆ.

ಅಡುಗೆ ಅನಿಲವೂ ಇಂಧನವೇ. ಬೇಳೆ, ಅಕ್ಕಿ ನೆನೆಸಿಡುವುದು, ಕುಕ್ಕರ್ ಬಳಸುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ಸಣ್ಣ ಮಾಡುವುದು, ಇವು ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ. ಬಡ ಮಹಿಳೆಯರ ಹೆಸರಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾಯಿತು. ಆ ಸಂಪರ್ಕ ಇರುವವರಿಗೆ 14.2 ಕೆ.ಜಿ. ಸಿಲಿಂಡರ್‌ಗೆ 300 ರೂಪಾಯಿ ಸಹಾಯಧನ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಹಣ ಬರುವುದಿಲ್ಲ. ಇದನ್ನು ಪಾಸ್‌ಬುಕ್ಕಿನಲ್ಲಿ ಒಮ್ಮೆ ನೋಡಿಕೊಳ್ಳಿ.

೫. ಹಾಕಿದ ಹಣ ಯಾವಾಗ ವಾಪಸ್ ಬರುತ್ತದೆ?

ವ್ಯಾಪಾರದಲ್ಲಿ ಇದಕ್ಕೆ ಮರುಪಾವತಿ ಅವಧಿ ಎನ್ನುತ್ತಾರೆ. ಹಾಕಿದ ಹಣವನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಸಾಕು.

3,000 ರೂಪಾಯಿಯ ಬಿಎಲ್‌ಡಿಸಿ ಫ್ಯಾನ್ ನಡುಮನೆಯಲ್ಲಿ ದಿನಕ್ಕೆ 14 ಗಂಟೆ, ವರ್ಷಕ್ಕೆ 9 ತಿಂಗಳು ತಿರುಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳ ಉಳಿತಾಯ 19 ಯೂನಿಟ್, 113 ರೂಪಾಯಿ. ವರ್ಷಕ್ಕೆ ಸುಮಾರು 1,020. ಮೂರು ವರ್ಷದಲ್ಲಿ ಹಣ ವಾಪಸ್. ಅದೇ ಫ್ಯಾನನ್ನು ದಿನಕ್ಕೆ 6 ಗಂಟೆ ಮಾತ್ರ ಬಳಸುವ ಕೋಣೆಗೆ ಹಾಕಿದರೆ ವರ್ಷದ ಉಳಿತಾಯ ಸುಮಾರು 437 ರೂಪಾಯಿ. ಹಣ ವಾಪಸ್ ಬರಲು ಸುಮಾರು ಏಳು ವರ್ಷ. ವಸ್ತು ಒಂದೇ, ಬೆಲೆ ಒಂದೇ. ಎಲ್ಲಿ ಹಾಕಿದೆವು ಎಂಬುದರ ಮೇಲೆ ಲಾಭ ನಿಂತಿದೆ. ಆದ್ದರಿಂದ ಮನೆಯ ಎಲ್ಲ ಫ್ಯಾನ್ ಒಟ್ಟಿಗೆ ಬದಲಿಸಬೇಕಿಲ್ಲ. ಹೆಚ್ಚು ತಿರುಗುವುದನ್ನು ಮೊದಲು ಬದಲಿಸಿ. ಉಳಿದವುಗಳಿಗೆ ಹಳೆಯ ದಪ್ಪ ಡಬ್ಬದ ರೆಗ್ಯುಲೇಟರ್ ಇದ್ದರೆ ಅದನ್ನು ತೆಗೆದು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿ. ಹಳೆಯದು ಫ್ಯಾನಿನ ವೇಗ ಕಡಿಮೆ ಮಾಡಿ, ಉಳಿದ ಕರೆಂಟನ್ನು ಬಿಸಿಯಾಗಿ ಸುಡುತ್ತದೆ.

ಫ್ರಿಜ್, ಫ್ಯಾನ್ ಕೊಳ್ಳುವಾಗ ನಕ್ಷತ್ರದ ಚೀಟಿ ನೋಡಿ. ಅದನ್ನು ಕೊಡುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿ 2002ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ಸೀಲಿಂಗ್ ಫ್ಯಾನ್‌ಗೆ ಈ ಚೀಟಿ 2023ರ ಜನವರಿಯಿಂದ ಕಡ್ಡಾಯ. ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ. ಫ್ರಿಜ್‌ನ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದೂ, ಚೀಟಿ ಯಾವ ಅವಧಿಯದು ಎಂದೂ ಬರೆದಿರುತ್ತದೆ. ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾರೆ, ಹಾಗಾಗಿ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಹಳೆಯ ಫ್ರಿಜ್ ಇರುವವರು ಬಾಗಿಲಿನ ನಡುವೆ ಒಂದು ಕಾಗದ ಇಟ್ಟು ಮುಚ್ಚಿ ಎಳೆದು ನೋಡಿ. ಸುಲಭವಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ. ರಬ್ಬರ್ ಬದಲಿಸುವುದು ಹೊಸ ಫ್ರಿಜ್‌ಗಿಂತ ಅಗ್ಗ.

೬. ಗುಡ್ಡದ ಮೇಲಿನ ಗಾಳಿಯಂತ್ರ ಮತ್ತು ನಮ್ಮ ಸ್ವಿಚ್ಚು

ಬಿಲ್ಲು ಮಿತಿಯೊಳಗೇ ಇರುವ ಮನೆ ಯಾಕೆ ಉಳಿಸಬೇಕು? ಅಮ್ಮಿಯ ಪ್ರಶ್ನೆಯ ಉಳಿದ ಅರ್ಧ ಇದು.

ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಬರುವಾಗ, ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳ ಮೇಲೆ, ಜೋಗಿಮಟ್ಟಿಯ ಸುತ್ತ, ಎಲ್ಲಿ ನೋಡಿದರೂ ಗಾಳಿಯಂತ್ರ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. "ಇಷ್ಟು ಕರೆಂಟು ಇಲ್ಲೇ ಹುಟ್ಟುತ್ತದೆ, ಮತ್ತೆ ನಮ್ಮ ಮನೆಗೆ ಯಾಕೆ ಹೋಗುತ್ತದೆ?" ಎಂದು ಎಲ್ಲರೂ ಕೇಳುತ್ತಾರೆ. ಆ ಕರೆಂಟು ನಮ್ಮ ಬೀದಿಗೆ ನೇರ ಬರುವುದಿಲ್ಲ, ರಾಜ್ಯದ ಜಾಲಕ್ಕೆ ಸೇರುತ್ತದೆ. ಇನ್ನೊಂದು ಕಾರಣ ಸಮಯ. ನಮ್ಮ ಗುಡ್ಡಗಳಲ್ಲಿ ಗಾಳಿ ಜೋರು ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನಲ್ಲಿ. ಕರೆಂಟಿನ ಬೇಡಿಕೆ ಏರುವುದು ಮಾರ್ಚ್‌ನಿಂದ ಮೇವರೆಗೆ. ಸೂರ್ಯ ಸಂಜೆ ಆರಕ್ಕೆ ಮುಳುಗುತ್ತಾನೆ, ಎಲ್ಲರ ಮನೆಯ ದೀಪ ಹತ್ತುವುದೂ ಆಗಲೇ. ಬೇಡಿಕೆಯ ಹೊತ್ತು ಬೇರೆ, ಪೂರೈಕೆಯ ಹೊತ್ತು ಬೇರೆ. ಮಳೆ ಕೈಕೊಟ್ಟ 2023ರಲ್ಲಿ ಪಂಪ್‌ಸೆಟ್ ರೈತರಿಗೆ ಏಳು ಗಂಟೆ ಕರೆಂಟು ಕೊಡುವುದೂ ರಾಜ್ಯಕ್ಕೆ ಕಷ್ಟವಾಗಿತ್ತು.

ಹಾಗಾಗಿ ಸಂಜೆ 6ರಿಂದ 10ರೊಳಗೆ ಉಳಿಸಿದ ಯೂನಿಟ್‌ಗೆ ಬೆಲೆ ಹೆಚ್ಚು. ಮೋಟಾರ್, ಇಸ್ತ್ರಿ, ಗ್ರೈಂಡರ್ ಕೆಲಸವನ್ನು ಹಗಲಿಗೆ ಬದಲಿಸಿದರೂ ಸಾಕು. ನೀರಿಗೂ ಇದೇ ಮಾತು. ಚಿತ್ರದುರ್ಗ ನಗರಕ್ಕೆ ವಾಣಿವಿಲಾಸ ಸಾಗರದಿಂದಲೂ ಶಾಂತಿಸಾಗರದಿಂದಲೂ ನೀರನ್ನು ಪಂಪ್ ಮಾಡಿ ತರುತ್ತಾರೆ. ಹರಿದು ಹೋದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಕರೆಂಟು ಹೋಗಿದೆ: ಊರಿಗೆ ತರಲು ಒಂದು ಸಲ, ನಮ್ಮ ಟ್ಯಾಂಕಿಗೆ ಏರಿಸಲು ಇನ್ನೊಂದು ಸಲ.

ಸೊನ್ನೆ ಬಿಲ್ಲು ಎಂದರೆ ಬೆಲೆ ಇಲ್ಲ ಎಂದಲ್ಲ. ಆ ಹಣವನ್ನು ನಮ್ಮ ಪರವಾಗಿ ಸರ್ಕಾರ ಬೆಸ್ಕಾಂಗೆ ಕಟ್ಟುತ್ತದೆ. ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇದೇ: ಖಾಲಿ ಕೋಣೆಯ ಫ್ಯಾನಿಗೆ ಹೋದ ಹಣ ಶಾಲೆಯ ಕೊಠಡಿಗೆ ಹೋಗಲಾರದು.

೭. ಹಣದ ಸಹಾಯ ಎಲ್ಲಿದೆ?

ಸಹಾಯಧನದ ಒಳ್ಳೆಯ ಪಾಠ ಎಲ್‌ಇಡಿ ಬಲ್ಬಿನದು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಅದಕ್ಕೆ "ಹೊಸ ಬೆಳಕು" ಎಂದು ಹೆಸರು. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಟೆಂಡರ್ ಕರೆದು ಕೊಂಡದ್ದರಿಂದ, 2014ರಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಸಗಟು ಖರೀದಿ ಬೆಲೆ 2016ರಲ್ಲಿ 38ಕ್ಕೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆ ಆಯಿತು. ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ ಎಂಬುದು ಮೊಹಲ್ಲಾದ ಮಟ್ಟಕ್ಕೂ ನಿಜ. ಹತ್ತು ಮನೆಯವರು ಸೇರಿ ಒಂದೇ ಅಂಗಡಿಯಲ್ಲಿ ಹತ್ತು ಫ್ಯಾನ್ ಕೇಳಿದರೆ, ಒಬ್ಬರೇ ಕೇಳುವುದಕ್ಕಿಂತ ಕಡಿಮೆ ಬೆಲೆಗೆ ಕೊಡುತ್ತಾರೆ.

ದೊಡ್ಡ ಸಹಾಯಧನ ಇರುವುದು ತಾರಸಿ ಸೋಲಾರ್‌ಗೆ. 2024ರ ಫೆಬ್ರವರಿಯಲ್ಲಿ ಘೋಷಣೆಯಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಿಗುತ್ತದೆ. ಯೋಜನೆ 2026-27ರ ಕೊನೆಯವರೆಗೆ ಇದೆ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ತಾರಸಿ ಬೇಕು. ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ.

ಸರ್ಕಾರ ಲೆಕ್ಕಕ್ಕೆ ಹಿಡಿದ ಬೆಲೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 50,000, ಮೂರನೆಯದಕ್ಕೆ 45,000. ಒಟ್ಟು 1,45,000. ಅದರಲ್ಲಿ 78,000 ಕಳೆದರೆ ಮನೆಯವರ ಪಾಲು 67,000. ಮಾರುಕಟ್ಟೆಯ ಬೆಲೆ ಇದಕ್ಕಿಂತ ಹೆಚ್ಚಿರಬಹುದು. ಆದ್ದರಿಂದ ಮೂರು ಕಡೆ ದರಪಟ್ಟಿ ತೆಗೆದುಕೊಳ್ಳಬೇಕು.

ಇದು ಯಾರಿಗೆ ಲಾಭ? ತಿಂಗಳಿಗೆ 300 ಯೂನಿಟ್ ಬಳಸಿ 1,800 ರೂಪಾಯಿ ಕಟ್ಟುವ ಮನೆಗೆ ವರ್ಷಕ್ಕೆ 21,600 ಉಳಿದರೆ, ಮೂರು ವರ್ಷದ ಆಸುಪಾಸಿನಲ್ಲಿ 67,000 ವಾಪಸ್ ಬರುತ್ತದೆ. ಆದರೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಗೆ ಉಳಿಯುವ ಹಣ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹಿರಿಯೂರಿನ ನಮ್ಮ ಕಲ್ಪನೆಯ ಮನೆಗೆ ಬೇಕಾದದ್ದು 3,700 ರೂಪಾಯಿಯ ಪರಿಹಾರ, 67,000ದ್ದಲ್ಲ. ಸಹಾಯಧನ ಇದೆ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಬಾರದು.

ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ ಎಂಬುದನ್ನೂ ಗಮನಿಸಿ. ಪೋರ್ಟಲ್‌ನಲ್ಲಿ ಅರ್ಜಿ, ಬೆಸ್ಕಾಂ ಒಪ್ಪಿಗೆ, ನೋಂದಾಯಿತ ಮಾರಾಟಗಾರರಿಂದ ಅಳವಡಿಕೆ, ನೆಟ್ ಮೀಟರ್, ಪರಿಶೀಲನೆ, ಇವೆಲ್ಲ ಆದ ಮೇಲೆ ಖಾತೆಗೆ ಜಮಾ. ಅಲ್ಲಿಯವರೆಗಿನ ಹಣವನ್ನು ಹೊಂದಿಸಬೇಕು. 3 ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದ ಬ್ಯಾಂಕ್ ಸಾಲ ಇದೆ. ಬಡ್ಡಿ ರೆಪೋ ದರಕ್ಕಿಂತ ಅರ್ಧ ಶೇಕಡಾ ಹೆಚ್ಚು ಎಂದು ಯೋಜನೆ ಪ್ರಕಟಿಸುವಾಗ ಹೇಳಿದ್ದರು. ಅಂಗಡಿಯ ಕಂತಿಗಿಂತ ಇದು ಅಗ್ಗ.

ಬಡ್ಡಿ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಫ್ಯಾನು, ದೀಪ, ಫ್ರಿಜ್‌ನಂಥ ಖರ್ಚಿಗೆ ಹೆಂಗಸರು ನಡೆಸುವ ಚೀಟಿಯೇ ಒಳ್ಳೆಯ ದಾರಿ. ಹತ್ತು ಜನ ತಿಂಗಳಿಗೆ 500 ಹಾಕಿ, ಹರಾಜು ಇಲ್ಲದೆ ಸರದಿಯಂತೆ ತೆಗೆದುಕೊಂಡರೆ ಒಬ್ಬರಿಗೆ 5,000 ಬಡ್ಡಿಯಿಲ್ಲದೆ ಸಿಗುತ್ತದೆ. ಮೇಲಿನ 3,700 ಅದರಲ್ಲೇ ಆಗುತ್ತದೆ. ಬೈತುಲ್ ಮಾಲ್ ಇರುವ ಮೊಹಲ್ಲಾಗಳಲ್ಲಿ ಕರ್ಜೆ ಹಸನಾ, ಅಂದರೆ ಬಡ್ಡಿಯಿಲ್ಲದ ಸಾಲ ಕೇಳಬಹುದು. ವೈರಿಂಗ್ ಹಾಳಾಗಿ ಅಪಾಯದಲ್ಲಿರುವ ಬಡ ಮನೆಗೆ ಇದು ಮೊದಲು ಸಿಗಬೇಕು.

ಕಂತು ದುಡಿಮೆಗೆ ಹೊಂದಬೇಕು ಎಂಬುದನ್ನು ಕರ್ನಾಟಕದಲ್ಲೇ ಒಂದು ಸಂಸ್ಥೆ ತೋರಿಸಿದೆ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಬ್ಯಾಂಕುಗಳ ಜೊತೆ ಸೇರಿ ಬಡವರಿಗೆ ಸೋಲಾರ್ ದೀಪ ಕೊಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದಿನ ದುಡಿಯುವವರಿಗೆ ದಿನದ ಕಂತು, ಬೆಳೆ ಮಾರುವವರಿಗೆ ಸುಗ್ಗಿಯ ಕಂತು. ತಳ್ಳುಗಾಡಿಯವರಿಗೆ ತಿಂಗಳ ಕೊನೆಗೆ 600 ಕೊಡುವುದು ಭಾರ, ದಿನಕ್ಕೆ 20 ಎತ್ತಿಡುವುದು ಹಗುರ.

೮. ಕಾಗದ ಸರಿ ಇಲ್ಲದಿದ್ದರೆ

ಸಹಾಯ ಸಿಗದಿರಲು ಹೆಚ್ಚಿನ ಕಾರಣ ಕಾಗದ. ಆರ್.ಆರ್. ನಂಬರ್ ತೀರಿಕೊಂಡ ದಾದಾರ ಹೆಸರಿನಲ್ಲೇ ಇದೆ, ಮನೆಯ ಖಾತೆ ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಕೆ ಆಗಿಲ್ಲ, ಇಂಥ ಮನೆ ನಮ್ಮಲ್ಲಿ ಎಷ್ಟೋ ಇವೆ. ಸೂರ್ಯ ಘರ್‌ಗೆ ತಾರಸಿಯ ಹಕ್ಕೂ, ಸರಿಯಾದ ವಿದ್ಯುತ್ ಸಂಪರ್ಕವೂ ಬೇಕು. ಆದ್ದರಿಂದ ಅರ್ಜಿಗೆ ಮೊದಲು ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿ.

ಬಾಡಿಗೆಯವರಿಗೆ ತಾರಸಿ ಇಲ್ಲ. ಆದರೆ ಗೃಹಜ್ಯೋತಿ ಅವರಿಗೂ ಇದೆ. ಸೇವಾಸಿಂಧು ಮೂಲಕ, ಅಥವಾ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ಆಧಾರ್ ಮತ್ತು ಬಾಡಿಗೆ ಕರಾರು ಕೊಟ್ಟು ನೋಂದಾಯಿಸಬಹುದು. ಮನೆ ಬದಲಿಸಿದಾಗ ಹಳೆಯ ಸಂಪರ್ಕದಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಎಲ್‌ಇಡಿ ದೀಪ, ಫ್ಯಾನ್ ನಿಮ್ಮದೇ ಸ್ವತ್ತು, ಬಿಚ್ಚಿಕೊಂಡು ಹೋಗಬಹುದು.

ಮೂರು ಎಚ್ಚರಿಕೆ. "ಇವತ್ತು ರಾತ್ರಿ ಕರೆಂಟು ಕಟ್ ಮಾಡುತ್ತೇವೆ, ಈ ನಂಬರ್‌ಗೆ ಹಣ ಹಾಕಿ" ಎಂಬ ಸಂದೇಶ ಮೋಸದ್ದು. ಅನುಮಾನ ಬಂದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಸೋಲಾರ್ ಸಹಾಯಧನ ಕೊಡಿಸುತ್ತೇನೆ ಎಂದು ಮುಂಗಡ ಕೇಳುವ ಮಧ್ಯವರ್ತಿಗೆ ಹಣ ಕೊಡಬೇಡಿ. "ಬಡ್ಡಿ ಇಲ್ಲದ ಕಂತು" ಎಂದು ಅಂಗಡಿಯಲ್ಲಿ ಹೇಳಿದರೆ ನಗದು ಬೆಲೆ ಎಷ್ಟು, ಫೈಲ್ ಚಾರ್ಜ್ ಎಷ್ಟು ಎಂದು ಕೇಳಿ. ಎರಡರ ವ್ಯತ್ಯಾಸದಲ್ಲಿ ಬಡ್ಡಿ ಅಡಗಿರುತ್ತದೆ.

೯. ಮನೆಯಲ್ಲಿ ಮಾಡುವ ಅಭ್ಯಾಸ

1. ನಿಮ್ಮ ಮನೆಯ ಗೃಹಜ್ಯೋತಿ ಮಿತಿ ಎಷ್ಟು? ಕಳೆದ 12 ತಿಂಗಳಲ್ಲಿ ಎಷ್ಟು ಸಲ ದಾಟಿದೆ?

2. ಮೀಟರ್‌ನ ಕೆಂಪು ದೀಪ ಎಣಿಸಿ ಮೂರು ಉಪಕರಣಗಳ ವ್ಯಾಟ್ ಕಂಡುಹಿಡಿಯಿರಿ.

3. ಪ್ರತಿ ಭಾನುವಾರ ಮೀಟರ್ ರೀಡಿಂಗ್ ಬರೆದಿಡಿ. ಮಿತಿ 165 ಇದ್ದರೆ ವಾರಕ್ಕೆ ಸುಮಾರು 38 ಯೂನಿಟ್. ಎರಡನೇ ವಾರದಲ್ಲೇ ಹೆಚ್ಚಾಗಿದ್ದರೆ ಉಳಿದ ಎರಡು ವಾರ ಸರಿಪಡಿಸಲು ಸಮಯ ಇದೆ. ಬಿಲ್ಲು ಬಂದ ಮೇಲೆ ಸಮಯ ಇರುವುದಿಲ್ಲ.

4. ಒಂದು ಫ್ಯಾನ್ ಬದಲಿಸಿದರೆ ಮರುಪಾವತಿ ಅವಧಿ ಎಷ್ಟು? ಯಾವ ಕೋಣೆಯಲ್ಲಿ ಕಡಿಮೆ?

5. ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ? ಅವರು ಈಗ ಇದ್ದಾರೆಯೇ?

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅಷ್ಟರೊಳಗೆ ನಮ್ಮ ತರಗತಿಯ ಪ್ರತಿಯೊಬ್ಬರೂ ತಮ್ಮ ಮನೆಯ ಜೊತೆಗೆ ಓದಲು ಬಾರದ ಒಬ್ಬ ನೆರೆಯವರ ಬಿಲ್ಲನ್ನೂ ಓದಿ ಹೇಳಿದರೆ ಈ ಪಾಠ ಪೂರ್ತಿಯಾಗುತ್ತದೆ. ಮಿತಿ ದಾಟಿದ ತಿಂಗಳು ಅವರು ಕಟ್ಟಿದ ಸಾವಿರ ರೂಪಾಯಿ ಎರಡು ದಿನದ ಕೂಲಿ ಆಗಿರಬಹುದು.